ಬ್ಯಾಟರಿ ಇಳಿದ ಗಾಡಿ: ಕೊನೆಯ ಕ್ಲಿಪ್ಪು ಎಲ್ಲಿಗೆ?

ನಮ್ಮ ಸಂಘದ ಸದಸ್ಯರಲ್ಲಿ ಇಂದು ಸ್ವಂತ ಗಾಡಿ ಇಲ್ಲದವರು ವಿರಳ. ಜೀಪೋ, ಪಿಕಪ್ಪೋ, ಸಣ್ಣ ಕಾರೋ ಏನಾದರೊಂದು ಅಂಗಳದಲ್ಲಿ ನಿಂತಿರುತ್ತದೆ. ಅಡಿಕೆ ಮೂಟೆಯನ್ನು ಮಂಡಿಗೆ ಒಯ್ಯಲು, ಕಾಫಿ ಚೀಲ ಸಾಗಿಸಲು, ಆಸ್ಪತ್ರೆ, ಮದುವೆ, ಕೋರ್ಟು ಕಚೇರಿ ಎಂದು ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿಬರಲು ಅದೇ ಆಧಾರ. ಹೀಗಿದ್ದೂ ಬಾನೆಟ್ಟಿನ ಕೆಳಗೆ ಮೂಲೆಯಲ್ಲಿ ಕುಳಿತಿರುವ ಬ್ಯಾಟರಿಯ ನೆನಪು ನಮಗಾಗುವುದು ಅದು ಕೈಕೊಟ್ಟ ದಿನ ಮಾತ್ರ. ಆ ದಿನ ಅವಸರವಿರುತ್ತದೆ, ಸಾಮಾನ್ಯವಾಗಿ ಕತ್ತಲಾಗಿರುತ್ತದೆ, ಸಲಹೆ ಕೊಡುವವರು ನಾಲ್ಕು ಮಂದಿ ಸುತ್ತ ಸೇರಿರುತ್ತಾರೆ. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವುದನ್ನು, ಅಂದರೆ 'ಜಂಪ್ ಸ್ಟಾರ್ಟ್' ಎಂಬುದನ್ನು, ನಾವೆಲ್ಲರೂ ನೋಡಿದ್ದೇವೆ. ಸರಿಯಾದ ಕ್ರಮದಲ್ಲಿ ಮಾಡಿದವರನ್ನು ನೋಡಿರುವುದು ಕಡಿಮೆ. ತಪ್ಪಿದರೆ ಹಾಳಾಗುವುದು ಗಾಡಿಯ ಬಿಡಿಭಾಗವಷ್ಟೇ ಆಗಿದ್ದರೆ ಪತ್ರಿಕೆಯ ಇಷ್ಟು ಪುಟ ಇದಕ್ಕೆ ಕೊಡಬೇಕಾಗಿರಲಿಲ್ಲ. ಅಪಾಯವಿರುವುದು ಬಾನೆಟ್ಟಿನೊಳಗೆ ತಲೆ ಬಗ್ಗಿಸಿ ನಿಂತವನ ಕಣ್ಣಿಗೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ಅದು ನಡೆಯುತ್ತದೆ. ಘಟ್ಟದ ಮೇಲಿನ ನಮ್ಮವರು ಬೆಳಗಿನ ಜಾವವೇ ಹೊರಡುತ್ತಾರೆ. ಯಲ್ಲಾಪುರ ದಾಟುವಾಗ ಮಂಜು, ಜಿಟಿಜಿಟಿ ಮಳೆ. ಹೆಡ್‌ಲೈಟ್ ಹಾಕಿಕೊಂಡೇ ಬರಬೇಕು. ಕಲಘಟಗಿ ಕಳೆದು ಧಾರವಾಡ ಮುಟ್ಟುವ ಹೊತ್ತಿಗೆ ಬಿಸಿಲು ಬಿದ್ದಿರುತ್ತದೆ, ಉರಿಯುತ್ತಿರುವ ದೀಪ ಆ ಬೆಳಕಿನಲ್ಲಿ ಗೊತ್ತಾಗುವುದೇ ಇಲ್ಲ. ಹೊಸ ಗಾಡಿಗಳು ಕಿರಿಚಿ ಎಚ್ಚರಿಸುತ್ತವೆ, ಹಳೆಯ ಪಿಕಪ್ಪಿಗೆ ಆ ಬುದ್ಧಿ ಇಲ್ಲ. 55 ವ್ಯಾಟಿನ ಎರಡು ಬಲ್ಬು, ಜೊತೆಗೆ ಹಿಂದಿನ ದೀಪಗಳು ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 45 ಆಂಪಿಯರ್-ತಾಸಿನ ಬ್ಯಾಟರಿ ನಾಲ್ಕು ತಾಸಿನಲ್ಲಿ ಬರಿದಾಗುತ್ತದೆ. ಮಳಿಗೆಗಳನ್ನೆಲ್ಲ ಸುತ್ತಿ, ಬೀಜ-ಸಸಿ ಕೊಂಡು, ಧಾರವಾಡ ಪೇಢೆಯ ಪೊಟ್ಟಣ ಹಿಡಿದು ಸಂಜೆ ಬಂದು ಚಾವಿ ತಿರುವಿದರೆ 'ಟಕ್' ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ.

ಬ್ಯಾಟರಿಯದೇ ದೋಷವೇ?

ಕೇಬಲ್ ಹುಡುಕುವ ಮೊದಲು ದೋಷ ಯಾವುದೆಂದು ತಿಳಿಯಬೇಕು. ಚಾವಿ ತಿರುವಿದಾಗ ಒಂದು 'ಟಕ್' ಆಗಿ ಸುಮ್ಮನಾದರೆ, ಅಥವಾ 'ಟಕಟಕಟಕ' ಎಂದು ಸಣ್ಣಗೆ ಬಡಿದುಕೊಳ್ಳುತ್ತ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿರುವ ಸಂಭವ ಹೆಚ್ಚು. ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದು ಇಂಜಿನ್ ಮಾತ್ರ ಹಿಡಿಯದಿದ್ದರೆ ದೋಷ ಡೀಸೆಲ್ ಸಾಗುವಲ್ಲಿಯೋ ಮತ್ತೆಲ್ಲಿಯೋ ಇದೆ. ಆಗ ಕೇಬಲ್ ಕೊಟ್ಟು ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ. ನಮ್ಮ ಮಲೆನಾಡಿನ ತೇವಕ್ಕೆ ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಈ ಪುಡಿಯೋ ಸಡಿಲವಾದ ಕ್ಲಾಂಪೋ ಕರೆಂಟನ್ನು ತಡೆದಿರುತ್ತದೆ. ಕ್ಲಾಂಪನ್ನು ಕೈಯಿಂದ ತಿರುವಿ ನೋಡಿ, ಅಲುಗಿದರೆ ಬಿಗಿ ಮಾಡಿ. ಪುಡಿ ಕಟ್ಟಿದ್ದರೆ ಮೈನಸ್ ಕ್ಲಾಂಪನ್ನು ಮೊದಲು ಬಿಚ್ಚಿ, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡ ಕದಡಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಿರಿ. ಆ ನೀರು ಬ್ಯಾಟರಿಯ ಒಳಗೆ ಹೋಗಕೂಡದು. ತಿರುಗಿ ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಪುಡಿ ಬೇಗ ಕಟ್ಟುವುದಿಲ್ಲ.

ಪಂಪ್‌ಸೆಟ್ಟಿನ ಕೆಲಸಕ್ಕೆಂದು ಹಲವರ ಮನೆಯಲ್ಲಿ ಮಲ್ಟಿಮೀಟರ್ ಇದೆ. ಅದನ್ನು ಡಿ.ಸಿ. ವೋಲ್ಟಿಗೆ ಇಟ್ಟು ಟರ್ಮಿನಲ್ಲುಗಳಿಗೆ ಹಿಡಿದು ನೋಡಬಹುದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 11.9ಕ್ಕಿಂತ ಕೆಳಗೆ ಹೋಗಿದ್ದರೆ ಬರಿದು ಎಂದೇ ತಿಳಿಯಬೇಕು.

ಬ್ಯಾಟರಿಯ ಮೈ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಆಸಿಡ್ ಸೋರುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅದಕ್ಕೆ ಕೇಬಲ್ ಕೊಡಲೇಬಾರದು. ನೀರು ಹಾಕುವ ಬಗೆಯ ಬ್ಯಾಟರಿಯಲ್ಲಿ ಫಲಕಗಳು ಒಣಗಿ ಮೇಲೆ ಕಾಣುತ್ತಿದ್ದರೂ ಹಾಗೆಯೇ. ಅಂಥ ಬ್ಯಾಟರಿ ಬದಲಾಗಬೇಕೇ ಹೊರತು ನೆರವಿನಿಂದ ಬದುಕುವಂಥದ್ದಲ್ಲ.

ಕಣ್ಣಿಗೆ ಕಾಣದ ಅನಿಲ

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಒಣಗಿದ ಕೈಯಿಂದ ಎರಡೂ ಟರ್ಮಿನಲ್ ಮುಟ್ಟಿದರೂ ಏನೂ ಆಗುವುದಿಲ್ಲ. ಆದುದರಿಂದಲೇ ಜನರಿಗೆ ಬ್ಯಾಟರಿಯ ಭಯವಿಲ್ಲ. ಭಯಪಡಬೇಕಾದ ವಸ್ತು ಬೇರೆಯೇ ಇದೆ.

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಎಂಬವರು ರೂಪಿಸಿದರು. ನಮ್ಮ ಗಾಡಿಯಲ್ಲಿರುವುದು ಮೂಲತಃ ಅದೇ. ಆರು ಕೋಣೆಗಳು, ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಚಾರ್ಜ್ ಆಗುವಾಗ, ಅದರಲ್ಲೂ ಜೋರಾಗಿ ಚಾರ್ಜ್ ಆಗುವಾಗ, ಒಳಗಿನ ನೀರಿನ ಒಂದಂಶ ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಮೇಲಿನ ತೂತುಗಳಿಂದ ಹೊರಬರುತ್ತದೆ. ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿಗೂ ಅನಿಲ ಹೋಗಲು ಕಿಂಡಿ ಇದ್ದೇ ಇದೆ. ಹೈಡ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಶೇಕಡಾ 75ರವರೆಗೂ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಿಡಿಯೂ ಅತ್ಯಲ್ಪ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲೋ ಇನ್ನಾವುದೋ ಕಾಲೇಜಿನಲ್ಲೋ ವಿಜ್ಞಾನ ಓದಿದ ಸದಸ್ಯರಿಗೆ ಪ್ರಯೋಗಶಾಲೆಯ ಗಾಜಿನ ಕೊಳವೆಯ ನೆನಪಿರಬಹುದು. ಹೈಡ್ರೋಜನ್ ತುಂಬಿದ ಕೊಳವೆಯ ಬಾಯಿಗೆ ಉರಿವ ಕಡ್ಡಿ ಹಿಡಿದರೆ 'ಪಟ್' ಎನ್ನುತ್ತಿತ್ತು, ಹುಡುಗರು ನಗುತ್ತಿದ್ದರು. ಅದೇ 'ಪಟ್' ಬ್ಯಾಟರಿಯ ಮುಚ್ಚಿದ ಕೋಣೆಯೊಳಗೆ ಆದರೆ ಪ್ಲಾಸ್ಟಿಕ್ ಪೆಟ್ಟಿಗೆ ಒಡೆದು ಚೂರುಗಳೂ ಆಸಿಡ್ಡೂ ಮುಖಕ್ಕೆ ರಾಚುತ್ತವೆ. ಒಳಗಿರುವ ದ್ರಾವಣದಲ್ಲಿ ತೂಕದ ಸುಮಾರು ಮೂರನೇ ಒಂದು ಪಾಲು ಗಂಧಕಾಮ್ಲ. ಬಟ್ಟೆಗೆ ಬಿದ್ದರೆ ತೂತಾಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು.

ಕಿಡಿ ಎಲ್ಲಿ ಹುಟ್ಟುತ್ತದೆ? ನಾಲ್ಕು ಕ್ಲಿಪ್ಪುಗಳಲ್ಲಿ ಮೊದಲ ಮೂರನ್ನು ಹಾಕುವಾಗ ಕರೆಂಟು ಹರಿಯಲು ದಾರಿ ಪೂರ್ಣವಾಗಿರುವುದಿಲ್ಲ. ನಾಲ್ಕನೆಯದು ತಾಗಿದ ಕ್ಷಣ ದಾರಿ ಕೂಡಿ, ತುಂಬಿದ ಬ್ಯಾಟರಿಯಿಂದ ಬರಿದಾದ ಬ್ಯಾಟರಿಗೆ ಕರೆಂಟು ನುಗ್ಗುತ್ತದೆ. ಕಿಡಿ ಹಾರುವುದು ಆಗ. ಬಿಚ್ಚುವಾಗಲೂ ಮೊದಲು ಬಿಚ್ಚಿದ ಕ್ಲಿಪ್ಪಿನಲ್ಲಿ ಕಿಡಿ ಹಾರುತ್ತದೆ. ಈ ಕಿಡಿಯನ್ನು ತಪ್ಪಿಸಲು ನಮ್ಮಿಂದಾಗದು. ಅದು ಬ್ಯಾಟರಿಯ ತೂತುಗಳ ಹತ್ತಿರ ಹಾರದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಕ್ರಮದ ಎಲ್ಲ ಗುಟ್ಟೂ ಇಷ್ಟೇ: ಕೊನೆಯ ಕ್ಲಿಪ್ಪು ಬ್ಯಾಟರಿಯ ಮೇಲೆ ಬೀಳಕೂಡದು.

ಕೇಬಲ್ ಎಂಬುದು ಮನೆ ವೈರಲ್ಲ

ಹಿಂದೊಂದು ವರ್ಷ ಇಂಥದೇ ಸಂಜೆ ನಮ್ಮ ಕಡೆಯ ಪಿಕಪ್ ಒಂದಕ್ಕೆ ಯಾರೋ ಉತ್ಸಾಹಿಗಳು ಅಂಗಡಿಯಿಂದ ಮನೆಯ ವೈರಿಂಗಿನ ತಂತಿ ತಂದು ಎರಡೂ ಬ್ಯಾಟರಿಗೆ ಸುತ್ತಿದರು. ಗಾಡಿ ಸ್ಟಾರ್ಟ್ ಆಗಲಿಲ್ಲ, ತಂತಿಯ ಮೇಲಿನ ಹೊದಿಕೆ ಕರಗಿ ಹೊಗೆ ಎದ್ದಿತು. ಏಕೆ ಹೀಗಾಯಿತೆಂದು ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಡೀಸೆಲ್ ಇಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟಾರು 200 ಆಂಪಿಯರ್, ಕೆಲವೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. 4 ಚದರ ಮಿ.ಮೀ. ತಾಮ್ರದ ತಂತಿ, ಹೋಗಿಬರಲು ಒಟ್ಟು 6 ಮೀಟರ್ ಎಂದಿಟ್ಟುಕೊಂಡರೆ, 200 ಆಂಪಿಯರ್ ಹರಿಯುವಾಗ ತಂತಿಯಲ್ಲೇ 5 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಇತ್ತ ಮೋಟಾರಿಗೆ ತಿರುಗುವಷ್ಟು ವೋಲ್ಟ್ ಸಿಗದು, ಅತ್ತ ತಂತಿಯಲ್ಲಿ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯಷ್ಟು ಶಾಖ. ಅದೇ ಉದ್ದಕ್ಕೆ 25 ಚದರ ಮಿ.ಮೀ. ಕೇಬಲ್ ಆದರೆ ನಷ್ಟ ಒಂದು ವೋಲ್ಟಿಗೂ ಕಡಿಮೆ.

ಆದುದರಿಂದ ಸಣ್ಣ ಪೆಟ್ರೋಲ್ ಕಾರಿಗೆ 16 ಚದರ ಮಿ.ಮೀ., ಜೀಪು-ಪಿಕಪ್ಪುಗಳಿಗೆ 25 ಚದರ ಮಿ.ಮೀ. ತಾಮ್ರದ ಕೇಬಲ್ ಇರಬೇಕು. ಪೇಟೆಯಲ್ಲಿ ಅಗ್ಗದ ಮಾಲು ಬೇಕಾದಷ್ಟು ಸಿಗುತ್ತದೆ. ನೋಡಲು ಬೆರಳಿನಷ್ಟು ದಪ್ಪ, ಕೊಯ್ದು ನೋಡಿದರೆ ರಬ್ಬರೇ ಹೆಚ್ಚು, ಒಳಗೆ ತಾಮ್ರದ ಬಣ್ಣ ಹೊತ್ತ ಅಲ್ಯೂಮಿನಿಯಂ ಎಳೆ. ಹೊರಗಿನ ದಪ್ಪ ನೋಡಿ ಕೊಳ್ಳಬೇಡಿ. ಒಳಗಿನ ಲೋಹದ ಅಳತೆ ಬರೆದಿದೆಯೇ, ಕ್ಲಿಪ್ಪಿನ ಸ್ಪ್ರಿಂಗು ಬಿಗಿಯಾಗಿದೆಯೇ, ಹಿಡಿಕೆಗೆ ಪೂರ್ತಿ ಹೊದಿಕೆ ಇದೆಯೇ ಎಂದು ನೋಡಿ. ಮೂರು ಮೀಟರಿಗಿಂತ ಬಹಳ ಉದ್ದದ್ದೂ ಬೇಡ.

ಕ್ರಮ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಸುರಿಯಬೇಕು, ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು ಎಂಬುದನ್ನು ನಮ್ಮ ಕೂಲಿ ಆಳುಗಳಿಗೂ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಹಾಗೆಯೇ, ಹಿಂದುಮುಂದಾದರೆ ಕೆಲಸ ಕೆಟ್ಟಿತು.

ಎರಡೂ ಗಾಡಿಯ ಬ್ಯಾಟರಿ 12 ವೋಲ್ಟಿನದೇ ಎಂದು ಖಚಿತ ಮಾಡಿಕೊಳ್ಳಬೇಕು. ಕಾರು, ಜೀಪು, ಪಿಕಪ್ಪು, ನಮ್ಮ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 12 ವೋಲ್ಟಿನವು. ದೊಡ್ಡ ಲಾರಿ-ಬಸ್ಸುಗಳಲ್ಲಿ ಬಹುಪಾಲು ಎರಡು ಬ್ಯಾಟರಿ ಸೇರಿಸಿದ 24 ವೋಲ್ಟ್ ಇರುತ್ತದೆ. ಹೆದ್ದಾರಿಯಲ್ಲಿ ನಿಂತಾಗ ಲಾರಿಯವರು ತಾವಾಗಿ ನೆರವಿಗೆ ಬರುತ್ತಾರೆ, ಅದು ಅವರ ದೊಡ್ಡತನ. ಆದರೆ 24 ವೋಲ್ಟನ್ನು ನಮ್ಮ ಗಾಡಿಗೆ ಕೊಟ್ಟರೆ ಬ್ಯಾಟರಿ ಸಿಡಿಯಬಹುದು, ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸುಟ್ಟೇ ಹೋಗುತ್ತವೆ. ನಮಸ್ಕಾರ ಹೇಳಿ ಬೇರೆ ಗಾಡಿ ನೋಡಿ.

ಗಾಡಿಗಳೆರಡನ್ನೂ ಕೇಬಲ್ ಮುಟ್ಟುವಷ್ಟು ಹತ್ತಿರ ನಿಲ್ಲಿಸಿ, ಆದರೆ ಒಂದಕ್ಕೊಂದು ತಾಗಕೂಡದು. ಎರಡನ್ನೂ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದು, ಚಾವಿ ತೆಗೆದು, ದೀಪ, ಫ್ಯಾನು, ಟೇಪು ಎಲ್ಲ ಬಂದ್ ಮಾಡಿ. ಬೀಡಿ-ಸಿಗರೇಟಿನವರನ್ನು ದೂರ ಕಳಿಸಿ. ಕತ್ತಲಿದ್ದರೆ ಟಾರ್ಚು, ಮೊಬೈಲಿನ ಬೆಳಕು ಸರಿ. ಬೆಂಕಿಕಡ್ಡಿ ಗೀರಿ ಆಸಿಡ್ಡಿನ ಮಟ್ಟ ನೋಡುವವರು ಇನ್ನೂ ಇದ್ದಾರೆ, ಅದು ಹುಚ್ಚುತನ. ಕೈಯ ಉಂಗುರ, ಕಡಗ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಉಂಗುರವೋ ಸ್ಪಾನರೋ ಪ್ಲಸ್ಸಿಗೂ ಗಾಡಿಯ ಮೈಗೂ ಸೇತುವೆಯಾದರೆ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಕೆಂಡವಾಗುತ್ತದೆ. ಔಷಧಿ ಹೊಡೆಯುವಾಗ ಹಾಕಿಕೊಳ್ಳುವ ಕನ್ನಡಕ ಗಾಡಿಯಲ್ಲಿದ್ದರೆ ಹಾಕಿಕೊಳ್ಳಿ.

ಈಗ ಕೇಬಲ್. ಕೆಂಪು ಕೇಬಲ್ಲಿನ ಒಂದು ಕ್ಲಿಪ್ಪನ್ನು ಇಳಿದ ಬ್ಯಾಟರಿಯ ಪ್ಲಸ್ಸಿಗೆ ಹಾಕಿ. ಕೆಂಪಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಬಳಿಕ ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಉಳಿದದ್ದು ಕಪ್ಪಿನ ಕೊನೆಯ ತುದಿ. ಎಲ್ಲರ ಕೈಯೂ ಇಲ್ಲಿ ತಾನಾಗಿ ಇಳಿದ ಬ್ಯಾಟರಿಯ ಮೈನಸ್ಸಿನ ಕಡೆ ಹೋಗುತ್ತದೆ. ಹೋಗಕೂಡದು. ಇಳಿದ ಗಾಡಿಯ ಇಂಜಿನ್ನಿನಲ್ಲಿ ಬಣ್ಣವಿಲ್ಲದ ಬರಿ ಲೋಹದ ಜಾಗ, ದಪ್ಪ ಬೋಲ್ಟೋ ಬ್ರಾಕೆಟ್ಟೋ ಹುಡುಕಿ, ಬ್ಯಾಟರಿಯಿಂದ ಒಂದೂವರೆ-ಎರಡು ಅಡಿಯಾದರೂ ದೂರದಲ್ಲಿ ಅದಕ್ಕೆ ಕಚ್ಚಿಸಿ. ಡೀಸೆಲ್-ಪೆಟ್ರೋಲ್ ಕೊಳವೆಯ ಹತ್ತಿರ ಬೇಡ, ಫ್ಯಾನು-ಬೆಲ್ಟಿಗೆ ಸಿಕ್ಕುವಲ್ಲಿಯೂ ಬೇಡ. ಗಾಡಿಯ ಲೋಹದ ಮೈಯೆಲ್ಲ ಮೈನಸ್ಸಿಗೇ ಸೇರಿರುವುದರಿಂದ ಕರೆಂಟಿಗೆ ಇದರಿಂದ ತೊಂದರೆಯಿಲ್ಲ. ಸಣ್ಣ ಕಿಡಿ ಹಾರುತ್ತದೆ, ಹಾರಲಿ, ಅಲ್ಲಿ ಅನಿಲವಿಲ್ಲ.

ಕೆಂಪು ಮೊದಲೇಕೆ ಎಂದು ಕೇಳುವವರಿದ್ದಾರೆ. ಕಪ್ಪನ್ನು ಮೊದಲು ಎರಡೂ ಕಡೆ ಹಾಕಿದರೆ ಗಾಡಿಗಳೆರಡರ ಮೈಯೂ ಒಂದಾಯಿತು. ಆಮೇಲೆ ಬ್ಯಾಟರಿಗೆ ಸಿಕ್ಕಿಸಿದ ಕೆಂಪಿನ ಇನ್ನೊಂದು ತುದಿ ಕೈಜಾರಿ ಎಲ್ಲಿ ತಾಗಿದರೂ ನೇರ ಶಾರ್ಟ್. ಹಳೆಯ ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸೇ ಮೈಗೆ ಸೇರಿರುತ್ತಿತ್ತು; ಅಂಥದನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡವರು ಬೇರೆ ಗಾಡಿಗೆ ನೆರವು ಕೊಡುವ ಸಾಹಸಕ್ಕೆ ಹೋಗದಿರುವುದು ಲೇಸು.

ಕೇಬಲ್ ಕೂಡಿದ ಮೇಲೆ ನೆರವಿನ ಗಾಡಿಯನ್ನು ಸ್ಟಾರ್ಟ್ ಮಾಡಿ ನಾಲ್ಕೈದು ನಿಮಿಷ ಸ್ವಲ್ಪ ವೇಗದಲ್ಲಿ ಬಿಡಿ. ಈ ಹೊತ್ತಿನಲ್ಲಿ ಇಳಿದ ಬ್ಯಾಟರಿಗೆ ಒಂದಿಷ್ಟು ಜೀವ ಬರುತ್ತದೆ, ಸ್ಟಾರ್ಟರಿನ ಹೊರೆಯೆಲ್ಲ ಕೇಬಲ್ಲಿನ ಮೇಲೆ ಬೀಳುವುದಿಲ್ಲ. ಅವಸರದಲ್ಲಿ ನಾವು ಬಿಟ್ಟುಬಿಡುವುದು ಈ ಐದು ನಿಮಿಷವನ್ನೇ. ನಂತರ ಇಳಿದ ಗಾಡಿಯ ಚಾವಿ ತಿರುವಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಮೂರು-ನಾಲ್ಕು ಸಲಕ್ಕೂ ಆಗದಿದ್ದರೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಸ್ಟಾರ್ಟ್ ಆಯಿತೆಂದು ಸಂತೋಷದಿಂದ ಕ್ಲಿಪ್ಪುಗಳನ್ನು ಕಿತ್ತೆಸೆಯಬೇಡಿ. ಅಪಾಯದ ಗಳಿಗೆ ಇದೇ, ಏಕೆಂದರೆ ಇಳಿದ ಬ್ಯಾಟರಿ ಈಗ ಚಾರ್ಜ್ ಆಗುತ್ತಿದೆ, ಅನಿಲ ಬಿಡುತ್ತಿದೆ. ಜೀವ ಬಂದ ಗಾಡಿಯ ಫ್ಯಾನು ಹಾಕಿ, ಬಿಚ್ಚುವಾಗ ವೋಲ್ಟ್ ಒಮ್ಮೆಲೇ ಏರುವುದನ್ನು ಅದು ಸ್ವಲ್ಪ ನುಂಗಿಕೊಳ್ಳುತ್ತದೆ. ಆಮೇಲೆ ಹಾಕಿದ್ದಕ್ಕೆ ಸರಿಯಾಗಿ ಹಿಂದುಮುಂದಾಗಿ ಬಿಚ್ಚಬೇಕು: ಇಂಜಿನ್ನಿನ ಲೋಹಕ್ಕೆ ಕಚ್ಚಿಸಿದ ಕಪ್ಪು ಮೊದಲು, ಒಳ್ಳೆಯ ಬ್ಯಾಟರಿಯ ಕಪ್ಪು ಎರಡನೆಯದು, ಒಳ್ಳೆಯ ಬ್ಯಾಟರಿಯ ಕೆಂಪು ಮೂರನೆಯದು, ಕೊನೆಗೆ ಇಳಿದ ಬ್ಯಾಟರಿಯ ಕೆಂಪು. ಬಿಚ್ಚಿದ ಕೆಂಪು-ಕಪ್ಪು ತುದಿಗಳು ಒಂದಕ್ಕೊಂದು ತಾಗದಂತೆ ಹಿಡಿಯಬೇಕು. ಲುಂಗಿಯ ಅಂಚು, ಹೆಗಲ ಶಾಲು ಫ್ಯಾನಿಗೆ ಸಿಗದಂತೆ ಕಟ್ಟಿಕೊಳ್ಳಿ.

ಈಗಿನ ಕೆಲವು ಕಾರುಗಳಲ್ಲಿ ಬ್ಯಾಟರಿ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇರುತ್ತದೆ. ಕೇಬಲ್ ಕೊಡಲೆಂದೇ ಬಾನೆಟ್ಟಿನ ಕೆಳಗೆ ಕೆಂಪು ಮುಚ್ಚಳದ ಬೇರೆ ಪ್ಲಸ್ ಗೂಟ ಇಟ್ಟಿರುತ್ತಾರೆ, ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅದರ ಚಿತ್ರವಿರುತ್ತದೆ. ವಿದ್ಯುತ್ ಕಾರು, ಹೈಬ್ರಿಡ್ ಕಾರು ಕೊಂಡವರು ಅದರಿಂದ ಇನ್ನೊಬ್ಬರ ಗಾಡಿಗೆ ನೆರವು ಕೊಡಲು ಹೋಗಬೇಡಿ. ಅದರಲ್ಲಿ ಬೇರೆ ಬಗೆಯ ಹೆಚ್ಚಿನ ವೋಲ್ಟಿನ ವ್ಯವಸ್ಥೆಯಿದೆ.

ಜೀಪಿನ ಕಾಲದ ರೂಢಿಗಳು

ನಮ್ಮ ಹಿರಿಯರ ಕಾಲದಲ್ಲಿ ಬ್ಯಾಟರಿ ಇಳಿದರೆ ಚಿಂತೆಯಿರಲಿಲ್ಲ. ಜೀಪು, ಅಂಬಾಸಿಡರ್‌ಗಳ ಮುಂದೆ ಹ್ಯಾಂಡಲ್ ಹಾಕಿ ತಿರುವುತ್ತಿದ್ದರು. ವಿದ್ಯುತ್ ಸ್ಟಾರ್ಟರ್ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1912ರಲ್ಲೇ ಬಂದಿದ್ದರೂ ಹ್ಯಾಂಡಲ್ ನಮ್ಮಲ್ಲಿ ಬಹುಕಾಲ ಉಳಿಯಿತು. ಹೆಬ್ಬೆರಳನ್ನು ಹ್ಯಾಂಡಲ್ಲಿನ ಸುತ್ತ ಹಾಕಕೂಡದು, ಇಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ ಎಂದು ಎಚ್ಚರಿಸುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ನಂತರ ಬಂದ ಗಾಡಿಗಳಲ್ಲಿ ಹ್ಯಾಂಡಲ್ಲಿಗೆ ಜಾಗವೇ ಇಲ್ಲದಾಯಿತು. ಹ್ಯಾಂಡಲ್ ಹೋಯಿತು, ಆ ಕಾಲದ ಇನ್ನೆರಡು ರೂಢಿಗಳು ಉಳಿದಿವೆ. ಅವುಗಳ ಬಗ್ಗೆ ಹೇಳಬೇಕು.

ಒಂದು, ಓಡುತ್ತಿರುವ ಗಾಡಿಯ ಬ್ಯಾಟರಿಯನ್ನೇ ಕಿತ್ತು ಇಳಿದ ಗಾಡಿಗೆ ಹಾಕುವುದು. ಡೈನಮೋ ಇದ್ದ ಹಳೆಯ ಜೀಪು ಅದನ್ನು ಹೇಗೋ ಸಹಿಸುತ್ತಿತ್ತು. ಈಗ ಎಲ್ಲದರಲ್ಲೂ ಆಲ್ಟರ್ನೇಟರ್ ಇದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಿದರೆ ವೋಲ್ಟ್ ಕ್ಷಣಕಾಲ ಹಲವು ಪಟ್ಟು ಜಿಗಿದು ಆಲ್ಟರ್ನೇಟರಿನ ಡಯೋಡುಗಳೂ ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಸುಡಬಹುದು. ಸಾವಿರ ರೂಪಾಯಿಯ ತೊಂದರೆ ಹತ್ತಾರು ಸಾವಿರದ್ದಾಗುತ್ತದೆ.

ಎರಡು, ತಳ್ಳಿ ಅಥವಾ ಇಳಿಜಾರಿನಲ್ಲಿ ಬಿಟ್ಟು ಗೇರಿನಲ್ಲಿ ಸ್ಟಾರ್ಟ್ ಮಾಡುವುದು. ಹಳೆಯ ಡೀಸೆಲ್ ಜೀಪಿಗೆ ಇದು ಸುಲಭದ ಉಪಾಯ, ಅದರ ಪಂಪು ಕರೆಂಟಿನ ಹಂಗಿಲ್ಲದೆ ಡೀಸೆಲ್ ಒದಗಿಸುತ್ತದೆ. ಈಗಿನ ಇಂಜಿನ್ನಿಗೆ ಇಂಜೆಕ್ಟರ್ ತೆರೆಯಲೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಎಷ್ಟು ತಳ್ಳಿದರೂ ಬೆವರು ಮಾತ್ರ. ಆಟೋಮ್ಯಾಟಿಕ್ ಗೇರಿನದಕ್ಕಂತೂ ಈ ಮಾತೇ ಇಲ್ಲ. ಆದರೆ ನನ್ನ ಹೆಚ್ಚಿನ ಆತಂಕ ಬೇರೆ. ಇಂಜಿನ್ ಓಡದಿರುವಾಗ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಒಂದೆರಡು ಸಲ ತುಳಿಯುವಷ್ಟರಲ್ಲಿ ಬರಿದಾಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟಿಯರಿಂಗೂ ಬಿಗಿಯಾಗುತ್ತದೆ. ಚಾವಿ ತೆಗೆದು ಇಳಿಸಿದರೆ ಸ್ಟಿಯರಿಂಗ್ ಬೀಗ ಬಿದ್ದು ಪೂರ್ತಿ ನಿಂತೇ ಹೋಗಬಹುದು. ಮನೆಯ ಅಂಗಳದಿಂದ ಗದ್ದೆಯ ಬಯಲಿಗೆ ಇಳಿಸುವುದಾದರೆ ಇರಲಿ. ಅರಬೈಲು ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ನಿಂತ ಗಾಡಿಯನ್ನು ಹೀಗೆ ಇಳಿಯಬಿಡುವುದು ಪ್ರಾಣದ ಜೊತೆ ಜೂಜು.

ಮನೆಯ ಇನ್ವರ್ಟರ್ ಬ್ಯಾಟರಿಯಿಂದ ಕೇಬಲ್ ಕೊಡಬಹುದೇ ಎಂದು ಸದಸ್ಯರು ಕೇಳುತ್ತಾರೆ. ಒಂದೇ 12 ವೋಲ್ಟ್ ಬ್ಯಾಟರಿಯದಾದರೆ, ಇನ್ವರ್ಟರಿನ ತಂತಿಗಳನ್ನು ಪೂರ್ತಿ ಬಿಚ್ಚಿದ ಮೇಲೆ, ಸಣ್ಣ ಕಾರಿಗೆ ಕೊಡಬಹುದು; ಕ್ರಮ ಮೇಲೆ ಹೇಳಿದ್ದೇ. ಒಮ್ಮೆಲೇ ಭಾರಿ ಕರೆಂಟು ಕೊಡಲೆಂದು ಮಾಡಿದ ಬ್ಯಾಟರಿ ಅದಲ್ಲವಾದ್ದರಿಂದ ದೊಡ್ಡ ಡೀಸೆಲ್ ಗಾಡಿಗೆ ಅದನ್ನು ನಂಬಬೇಡಿ. ಐವತ್ತು ಕಿಲೋಗಿಂತ ಭಾರವಿರುವ ಅದನ್ನು ಒಬ್ಬರೇ ಎತ್ತಲೂ ಹೋಗಬೇಡಿ.

ಆಸಿಡ್ ಕಣ್ಣಿಗೆ ಬಿದ್ದರೆ

ನೀರು. ಮೊದಲು ನೀರು, ಆಮೇಲೆ ಉಳಿದದ್ದು. ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಅಗಲಿಸಿ ಹಿಡಿದು ಶುದ್ಧ ನೀರನ್ನು ಮೆಲ್ಲಗೆ, ಬಿಡದೆ, ಕನಿಷ್ಠ 15ರಿಂದ 20 ನಿಮಿಷ ಸುರಿಯಬೇಕು. ನೀರು ಮೂಗಿನ ಕಡೆಯಿಂದ ಹೊರಗಿನ ಕಡೆಗೆ ಹರಿಯಲಿ, ಇನ್ನೊಂದು ಕಣ್ಣಿಗೆ ಹೋಗಬಾರದು. ಉಜ್ಜಬಾರದು. ತುಪ್ಪ, ಎದೆಹಾಲು, ಹರಳೆಣ್ಣೆ ಏನೂ ಬೇಡ. ಆಸಿಡ್ಡಿಗೆ ಸೋಡ ಮದ್ದು ಎಂದು ಟರ್ಮಿನಲ್ಲಿಗೆ ಹಾಕಿದ್ದನ್ನು ಕಣ್ಣಿಗೆ ಹಾಕಲೇಬಾರದು. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಎಲ್ಲರೂ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ, ಕಣ್ಣಿನ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಆದರೆ ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್. ಅಷ್ಟು ದೂರ ತೊಳೆಯದೆ ಓಡಿಸಿಕೊಂಡು ಹೋದರೆ ವೈದ್ಯರಿಗೆ ಉಳಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಮೊದಲ ಇಪ್ಪತ್ತು ನಿಮಿಷದ ಚಿಕಿತ್ಸೆ ಜೊತೆಗಿದ್ದವರ ಕೈಯಲ್ಲೇ ಇರುವುದರಿಂದ ಗಾಡಿಯಲ್ಲಿ ಐದು ಲೀಟರ್ ನೀರಿನ ಕ್ಯಾನು ಸದಾ ಇರಲಿ. ತೊಳೆದ ಮೇಲೆ, ನೋವಿಲ್ಲದಿದ್ದರೂ, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ಸ್ಟಾರ್ಟ್ ಆದ ಮೇಲೆ

ಕೇಬಲ್ ಕೊಟ್ಟು ಓಡಿಸಿದ ಮಾತ್ರಕ್ಕೆ ಬ್ಯಾಟರಿ ತುಂಬಿತೆಂದು ಭಾವಿಸಬೇಡಿ. ಅರ್ಧ ತಾಸು ಓಡಿದರೆ ಇನ್ನೊಂದು ಸಲ ಸ್ಟಾರ್ಟ್ ಆಗುವಷ್ಟು ಬಂದೀತು. ಧಾರವಾಡದಿಂದ ಊರಿಗೆ ಬರುವ ದಾರಿಯಲ್ಲಿ ಕಲಘಟಗಿಯಲ್ಲಿ ಚಹಾಕ್ಕೆಂದು ಇಳಿದು ಇಂಜಿನ್ ಬಂದ್ ಮಾಡುವ ಆಸೆಯನ್ನು ಆ ದಿನ ಬಿಡಬೇಕು. ಮನೆಗೆ ಬಂದ ಮೇಲೆ 4-5 ಆಂಪಿಯರ್ ಚಾರ್ಜರಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ಒಂದು ರಾತ್ರಿ ಇಡುವುದು ಒಳ್ಳೆಯದು. ಕೇಬಲ್ ತೆಗೆದ ಕೂಡಲೇ ಇಂಜಿನ್ ನಿಂತುಹೋದರೆ, ಅಥವಾ ಮರುದಿನವೇ ಮತ್ತೆ ಇಳಿದರೆ ದೀಪ ಮರೆತದ್ದಷ್ಟೇ ಕಾರಣವಲ್ಲ. ಆಲ್ಟರ್ನೇಟರನ್ನೂ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಬೇಕು. ಇಂಜಿನ್ ಓಡುವಾಗ ಟರ್ಮಿನಲ್ಲಿನಲ್ಲಿ ಸುಮಾರು 14 ವೋಲ್ಟ್ ತೋರಿಸಿದರೆ ಆಲ್ಟರ್ನೇಟರ್ ಸಾಮಾನ್ಯವಾಗಿ ಸರಿಯಿದೆ.

ನಮ್ಮ ಕಡೆ ಬ್ಯಾಟರಿ ಬೇಗ ಸಾಯಲು ಇನ್ನೊಂದು ಕಾರಣವಿದೆ. ಹಂದಿ ಕಾಟಕ್ಕೆ ಹಾಕಿದ ಝಟ್ಕಾ ಬೇಲಿಯ ಯಂತ್ರಕ್ಕೆ ರಾತ್ರಿ ಜೀಪಿನ ಬ್ಯಾಟರಿ, ಬೆಳಿಗ್ಗೆ ಮತ್ತೆ ಜೀಪಿಗೆ. ಗಾಡಿಯ ಬ್ಯಾಟರಿಯಲ್ಲಿ ತೆಳುವಾದ ಫಲಕಗಳು ಹೆಚ್ಚಿರುತ್ತವೆ; ಕೆಲವು ಸೆಕೆಂಡು ಭಾರಿ ಕರೆಂಟು ಕೊಟ್ಟು ಕೂಡಲೇ ತುಂಬಿಕೊಳ್ಳಲು ಅವು ತಕ್ಕವು, ದಿನವೂ ತಳದವರೆಗೆ ಬರಿದಾಗಲು ಅಲ್ಲ. ಬೇಲಿಗೆ ಬೇರೆ ಬ್ಯಾಟರಿ ಇಡಿ. ಆಷಾಢ-ಶ್ರಾವಣದ ಮಳೆಯಲ್ಲಿ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಯದೂ ಇದೇ ಕತೆ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಫಲಕದ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಮತ್ತೆ ಚಾರ್ಜನ್ನು ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿ, ಆಗದಿದ್ದರೆ ಮೈನಸ್ ಕ್ಲಾಂಪ್ ಬಿಚ್ಚಿಡಿ. ಬೇಸಿಗೆಯ ಕಾವು ಬ್ಯಾಟರಿಯನ್ನು ಒಳಗೊಳಗೇ ಕೆಡಿಸುತ್ತದೆ. ಅದು ಗೊತ್ತಾಗುವುದು ಮಾರ್ಗಶಿರದ ಚಳಿಯ ಬೆಳಿಗ್ಗೆ, ಕೊಯ್ಲಿನ ಆಳುಗಳು ಬಂದು ನಿಂತಾಗ. ಮೂರು ವರ್ಷ ದಾಟಿದ ಬ್ಯಾಟರಿಯನ್ನು ದೀಪಾವಳಿಯ ಹೊತ್ತಿಗೆ ಅಂಗಡಿಯಲ್ಲಿ ಒಮ್ಮೆ ಲೋಡ್ ಹಾಕಿ ಪರೀಕ್ಷೆ ಮಾಡಿಸಿಕೊಳ್ಳಿ.

ಸಂಘದ ಕಚೇರಿಯಲ್ಲಿ 25 ಚದರ ಮಿ.ಮೀ. ತಾಮ್ರದ ಕೇಬಲ್ ಒಂದು ಜೊತೆ ಮತ್ತು ಎರಡು ರಕ್ಷಣಾ ಕನ್ನಡಕ ತರಿಸಿ ಇಡಲಾಗಿದೆ. ಕಚೇರಿಯ ವೇಳೆಯಲ್ಲಿ ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಮೂರು ದಿನದೊಳಗೆ ಹಿಂದಿರುಗಿಸತಕ್ಕದ್ದು. ಕ್ಲಿಪ್ಪು ಹಾಕುವ ಕ್ರಮವನ್ನು ಬರೆದ ಚೀಟಿಯನ್ನು ಕಪ್ಪು ಕೇಬಲ್ಲಿನ ತುದಿಗೇ ಕಟ್ಟಿದ್ದೇವೆ, ದಯವಿಟ್ಟು ಅದನ್ನು ಹರಿಯಬೇಡಿ.